ವಿಮಾನಯಾನ ಸಂಸ್ಥೆಯ ಲೆಕ್ಕಪತ್ರ: ಟಿಕೆಟ್ ಹಣ ಆದಾಯವಾಗುವುದು ಯಾವಾಗ, ಎಂಜಿನ್ ದುರಸ್ತಿ ವೆಚ್ಚವಾಗುವುದು ಯಾವಾಗ?

ಪ್ರಶ್ನೆ

ಅಂತರರಾಷ್ಟ್ರೀಯ ಮಾನದಂಡಗಳಂತೆ (ಐಎಫ್‌ಆರ್‌ಎಸ್) ಸಿದ್ಧಪಡಿಸಿದ ವಿಮಾನಯಾನ ಸಂಸ್ಥೆಯೊಂದರ ವಾರ್ಷಿಕ ವರದಿಯನ್ನು ಅಭ್ಯಾಸಕ್ಕಾಗಿ ಓದುತ್ತಿದ್ದೇನೆ. ಲೆಕ್ಕಪತ್ರ ನೀತಿಗಳ ಟಿಪ್ಪಣಿಯಲ್ಲಿ ಎರಡು ಕಡೆ ತೊಡಕಾಯಿತು. ಮುಂಗಡವಾಗಿ ಮಾರಿದ ಟಿಕೆಟ್‌ಗಳ ಹಣವನ್ನು ಹೊಣೆಗಾರಿಕೆ ಎಂದು ತೋರಿಸಿರುವ ಅದೇ ಸಂಸ್ಥೆ, ಪ್ರಯಾಣಿಕರು ಬಳಸದೆ ಬಿಡಬಹುದಾದ ಟಿಕೆಟ್‌ಗಳ ಹಣದಲ್ಲಿ ಒಂದು ಭಾಗವನ್ನು ಅವುಗಳ ಅವಧಿ ಮುಗಿಯುವ ಮೊದಲೇ ಆದಾಯಕ್ಕೆ ಸೇರಿಸಿಕೊಂಡಿದೆ. ಇದು ಬರೀ ಅಂದಾಜಿನ ಮೇಲೆ ಲಾಭ ತೋರಿಸಿದಂತಲ್ಲವೇ? ಎರಡನೆಯದಾಗಿ, ಎಂಜಿನ್‌ನ ಮುಂದಿನ ದೊಡ್ಡ ದುರಸ್ತಿಗೆಂದು ಗುತ್ತಿಗೆ ವಿಮಾನಗಳ ವಿಷಯದಲ್ಲಿ ಪ್ರಾವಿಷನ್ (ಮುಂದೆ ಬರುವ ಖರ್ಚಿಗಾಗಿ ಈಗಲೇ ಹೊಣೆಗಾರಿಕೆಯೆಂದು ಬರೆದಿಡುವ ಅಂದಾಜು ಮೊತ್ತ) ಮಾಡಿದ್ದಾರೆ, ಸ್ವಂತ ವಿಮಾನಗಳ ವಿಷಯದಲ್ಲಿ ಮಾಡಿಲ್ಲ. ಎಂಜಿನ್ ಒಂದೇ ಮಾದರಿಯದು, ದುರಸ್ತಿಯೂ ಒಂದೇ ಬಗೆಯದು. ತಿಳಿದವರು ದಯವಿಟ್ಟು ವಿವರಿಸಬೇಕು.

ಮೊದಲ ಉತ್ತರ

ನಿಮ್ಮ ಮೊದಲ ಸಂದೇಹಕ್ಕೆ ಉತ್ತರಿಸುತ್ತೇನೆ. 2018ರ ಜನವರಿಯಿಂದ ಜಾರಿಗೆ ಬಂದ, ಆದಾಯ ಕುರಿತ ಮಾನದಂಡವಾದ ಐಎಫ್‌ಆರ್‌ಎಸ್ 15ರ ಪ್ರಕಾರ, ಹಣ ಕೈಸೇರಿದ ದಿನಕ್ಕೆ ಮಹತ್ವವಿಲ್ಲ. ಪ್ರಯಾಣಿಕರನ್ನು ಕರೆದೊಯ್ದ ದಿನವೇ ಆದಾಯ ಹುಟ್ಟುತ್ತದೆ. ಅಲ್ಲಿಯವರೆಗೆ ಆ ಹಣ ಅಢಾವೆ ಪತ್ರಿಕೆಯ (ಬ್ಯಾಲೆನ್ಸ್ ಶೀಟ್) ಹೊಣೆಗಾರಿಕೆಯ ಬದಿಯಲ್ಲೇ ಇರುತ್ತದೆ. ಟಿಕೆಟ್ ಜೊತೆಗೆ ವಸೂಲಿಯಾಗುವ ಸರ್ಕಾರಿ ತೆರಿಗೆಗಳಂತೂ ಎಂದಿಗೂ ಆದಾಯವಲ್ಲ, ಏಕೆಂದರೆ ಸಂಸ್ಥೆ ಅವನ್ನು ಬೇರೊಬ್ಬರ ಪರವಾಗಿ ಸಂಗ್ರಹಿಸುತ್ತದೆ ಅಷ್ಟೆ.

ಬಳಕೆಯಾಗದ ಟಿಕೆಟ್‌ಗಳನ್ನು ಈ ಕ್ಷೇತ್ರದಲ್ಲಿ ಬ್ರೇಕೇಜ್ ಎನ್ನುತ್ತಾರೆ. ತಲಾ 1,000ದಂತೆ ಹಣ ಮರಳಿಸಬೇಕಿಲ್ಲದ 100 ಟಿಕೆಟ್ ಮಾರಿ, ಹಿಂದಿನ ಅನುಭವದ ಆಧಾರದಲ್ಲಿ ಅವುಗಳಲ್ಲಿ 4 ಬಳಕೆಯಾಗುವುದಿಲ್ಲ ಎಂದು ಸಂಸ್ಥೆ ನಿರೀಕ್ಷಿಸಿದೆ ಎಂದಿಟ್ಟುಕೊಳ್ಳಿ. ಆಗ 1,00,000ವನ್ನು 96 ಪ್ರಯಾಣಗಳ ಮೇಲೆ ಹಂಚಲಾಗುತ್ತದೆ. ಪ್ರತಿ ಪ್ರಯಾಣಕ್ಕೆ ಸುಮಾರು 1,042 ಆದಾಯವಾಗುತ್ತದೆ. ಅಂದರೆ ಬಳಸದ ನಾಲ್ಕು ಟಿಕೆಟ್‌ಗಳ ಹಣ, ಉಳಿದವರು ಪ್ರಯಾಣಿಸಿದ ಪ್ರಮಾಣದಲ್ಲೇ ಆದಾಯಕ್ಕೆ ಬರುತ್ತದೆ. ಹಾಗೆ ನಿರೀಕ್ಷಿಸಲು ತಕ್ಕ ಆಧಾರ ಇಲ್ಲದ ಸಂಸ್ಥೆ, ಉದಾಹರಣೆಗೆ ಹೊಸ ಬಗೆಯ ಟಿಕೆಟ್ ಮಾರಲು ಈಗಷ್ಟೇ ಆರಂಭಿಸಿದ್ದು, ಪ್ರಯಾಣಿಕರು ಹಕ್ಕು ಚಲಾಯಿಸುವ ಸಾಧ್ಯತೆ ತೀರಾ ಕ್ಷೀಣವಾಗುವವರೆಗೆ ಕಾಯಬೇಕು. ಅಂದಾಜು ಇರುವುದು ನಿಜ, ಆದರೆ ಅದು ಕಡಿವಾಣವಿರುವ ಅಂದಾಜು. 2020ರಲ್ಲಿ ಅನೇಕ ಸಂಸ್ಥೆಗಳು ಟಿಕೆಟ್‌ಗಳ ಅವಧಿಯನ್ನು ವಿಸ್ತರಿಸಿದಾಗ ಹಳೆಯ ಅಂಕಿಗಳು ಎಷ್ಟರಮಟ್ಟಿಗೆ ನಂಬಲರ್ಹ ಎಂಬ ಪ್ರಶ್ನೆ ಎದ್ದದ್ದೂ ಇದೇ ಕಾರಣಕ್ಕೆ.

ಮುಂದಿನ ಪ್ರಯಾಣಗಳಿಗೆ ಬಳಸಿಕೊಳ್ಳಲೆಂದು ಪ್ರಯಾಣಿಕರಿಗೆ ಕೊಡುವ ಪಾಯಿಂಟ್‌ಗಳಿಗೂ ಇದೇ ತರ್ಕ ಅನ್ವಯಿಸುತ್ತದೆ. 1,000ದ ಟಿಕೆಟ್ ಜೊತೆಗೆ ಕೊಟ್ಟ ಪಾಯಿಂಟ್‌ಗಳ ಪ್ರತ್ಯೇಕ ಮಾರಾಟ ಬೆಲೆ, ಬಳಕೆಯಾಗದೆ ಹೋಗುವ ಪಾಲನ್ನು ಕಳೆದು, 50 ಎಂದಾದರೆ, ಪಡೆದ 1,000ದಲ್ಲಿ ಸುಮಾರು 952 ಮಾತ್ರ ಈ ಪ್ರಯಾಣಕ್ಕೆ ಸೇರುತ್ತದೆ. ಉಳಿದ 48 ಪಾಯಿಂಟ್‌ಗಳು ಬಳಕೆಯಾಗುವವರೆಗೆ ಹೊಣೆಗಾರಿಕೆಯಾಗಿ ಉಳಿಯುತ್ತದೆ.

ಎರಡನೆಯ ಉತ್ತರ

ಮೇಲಿನ ವಿವರಣೆಗೆ ಒಂದು ಸೇರ್ಪಡೆ. ಪ್ರಯಾಣದ ದಿನಾಂಕ ಬದಲಿಸಲು ಪಡೆಯುವ ಶುಲ್ಕವನ್ನು ಹಿಂದೆ ಹಲವು ಸಂಸ್ಥೆಗಳು ಪಡೆದ ದಿನವೇ ಆದಾಯವೆಂದು ಬರೆಯುತ್ತಿದ್ದವು. ಆದರೆ ದಿನಾಂಕದ ಬದಲಾವಣೆಯಷ್ಟರಿಂದ ಪ್ರಯಾಣಿಕರಿಗೆ ಪ್ರತ್ಯೇಕ ಪ್ರಯೋಜನವೇನೂ ದೊರೆಯದ ಕಾರಣ, ಈಗ ಆ ಶುಲ್ಕವೂ ಪ್ರಯಾಣದ ದಿನದವರೆಗೆ ಕಾಯಬೇಕು. ವಿಳಂಬ ಅಥವಾ ರದ್ದತಿಗಾಗಿ ಕಾನೂನಿನಂತೆ ಪ್ರಯಾಣಿಕರಿಗೆ ಕೊಡುವ ಪರಿಹಾರವನ್ನು ಖರ್ಚಿನ ಬದಿಯಲ್ಲಿ ಹುಡುಕಬೇಡಿ. ಅದು ಆದಾಯದಿಂದಲೇ ಕಳೆಯಬೇಕಾದ ಮೊತ್ತ ಎಂದು ಮಾನದಂಡಗಳ ವ್ಯಾಖ್ಯಾನ ಸಮಿತಿ 2019ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಮೂರನೆಯ ಉತ್ತರ

ದುರಸ್ತಿಯ ವಿಷಯದಲ್ಲಿ ಕೇಳಿಕೊಳ್ಳಬೇಕಾದದ್ದು ಒಂದೇ: ಈ ಖರ್ಚಿನಿಂದ ಸಂಸ್ಥೆ ತಪ್ಪಿಸಿಕೊಳ್ಳಬಹುದೇ? ಪ್ರಾವಿಷನ್‌ಗಳ ಕುರಿತ ಅಂತರರಾಷ್ಟ್ರೀಯ ಮಾನದಂಡವಾದ ಐಎಎಸ್ 37ರ ಜೊತೆಗಿರುವ ಉದಾಹರಣೆಗಳಲ್ಲಿ ನಿಮ್ಮ ಪ್ರಶ್ನೆಯೇ ಇದೆ. ಮೂರು ವರ್ಷಕ್ಕೊಮ್ಮೆ ವಿಮಾನವನ್ನು ಕೂಲಂಕಷವಾಗಿ ದುರಸ್ತಿ ಮಾಡಿಸಬೇಕೆಂದು ಕಾನೂನು ಹೇಳಿದ್ದರೂ, ಅದಕ್ಕೆ ಮೊದಲೇ ಆ ವಿಮಾನವನ್ನು ಮಾರಿಬಿಡಲು ಮಾಲೀಕ ಸಂಸ್ಥೆಗೆ ಅವಕಾಶವಿರುವುದರಿಂದ ಇಂದಿನ ಮಟ್ಟಿಗೆ ಯಾವ ಬಾಧ್ಯತೆಯೂ ಇಲ್ಲ. ಹಾಗಾಗಿ ಪ್ರಾವಿಷನ್ ಇಲ್ಲ. ಹಾಗೆಂದು ಖರ್ಚು ಕಣ್ಮರೆಯಾಗುವುದಿಲ್ಲ. ವಿಮಾನ ಕೊಂಡಾಗಲೇ ಬೆಲೆಯ ಒಂದು ಭಾಗವನ್ನು ದುರಸ್ತಿಯ ಘಟಕವೆಂದು ಬೇರ್ಪಡಿಸಿ, ಮುಂದಿನ ದುರಸ್ತಿಯವರೆಗೆ ಸವಕಳಿಯ ಮೂಲಕ (ಸ್ವಲ್ಪ ಸ್ವಲ್ಪವಾಗಿ ವೆಚ್ಚಕ್ಕೆ ಹಾಕುತ್ತ) ತೀರಿಸುತ್ತಾರೆ. ದುರಸ್ತಿಯಾದಾಗ ಅದರ ವೆಚ್ಚ ಹೊಸ ಘಟಕವಾಗಿ ಆಸ್ತಿಗೆ ಸೇರುತ್ತದೆ, ಹಳೆಯದರಲ್ಲಿ ಏನಾದರೂ ಉಳಿದಿದ್ದರೆ ಅದನ್ನು ತೆಗೆದುಹಾಕಲಾಗುತ್ತದೆ. ದೈನಂದಿನ ತಪಾಸಣೆ, ಸಣ್ಣ ರಿಪೇರಿಗಳು ಆಗಿಂದಾಗ್ಗೆ ವೆಚ್ಚವೇ.

ಗುತ್ತಿಗೆಯಲ್ಲಿ ಈ ಸ್ವಾತಂತ್ರ್ಯವಿಲ್ಲ. ವಿಮಾನವನ್ನು ಇಂತಹ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಇಲ್ಲವೇ ಅದಕ್ಕೆ ಬದಲಾಗಿ ಹಣ ಕೊಡಬೇಕು ಎಂದು ಕರಾರಿನಲ್ಲಿದ್ದರೆ, ಹಾರಿದ ಒಂದೊಂದು ಗಂಟೆಗೂ ಬಾಧ್ಯತೆ ಬೆಳೆಯುತ್ತ ಹೋಗುತ್ತದೆ. ಪ್ರಾವಿಷನ್ ಅದನ್ನೇ ಹಿಂಬಾಲಿಸುತ್ತದೆ. ಗುತ್ತಿಗೆ ಕೊಟ್ಟವರ ಬಳಿ ದುರಸ್ತಿಗೆಂದು ಸಂಸ್ಥೆ ಮೊದಲೇ ಕಟ್ಟಿದ ಹಣ ಮರಳಿ ಬರುವಂತಿದ್ದರೆ, ಅದನ್ನು ಬೇರೆಯಾಗಿ ಆಸ್ತಿಯೆಂದು ತೋರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎರಡು ಸಂಸ್ಥೆಗಳ ಲಾಭವನ್ನು ಹೋಲಿಸುವವರು ಎಡವುವುದು ಬ್ರೇಕೇಜ್‌ಗಿಂತ ಹೆಚ್ಚಾಗಿ ಇಲ್ಲಿಯೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು, ಈಗ ಟಿಪ್ಪಣಿ ಅರ್ಥವಾಗುತ್ತಿದೆ. ಗುತ್ತಿಗೆಯ ಅವಧಿಯನ್ನು ನಡುವೆ ವಿಸ್ತರಿಸಿದರೆ, ಅಥವಾ ಕೊನೆಗೆ ಸಂಸ್ಥೆಯೇ ಆ ವಿಮಾನವನ್ನು ಕೊಂಡುಕೊಂಡರೆ, ಈವರೆಗೆ ಕೂಡಿಸಿದ ಪ್ರಾವಿಷನ್ ಏನಾಗುತ್ತದೆ?

ಮೂರನೆಯ ಉತ್ತರ ಬರೆದವರು

ವಿಸ್ತರಣೆಯಾದರೆ ಹಿಂದಿರುಗಿಸುವ ದಿನ ದೂರ ಸರಿಯುತ್ತದೆ, ನಡುವೆ ಇನ್ನೊಂದು ದುರಸ್ತಿಯೂ ಬರಬಹುದು. ಆದ್ದರಿಂದ ಮೊತ್ತ, ಕಾಲ ಹಾಗೂ ಡಿಸ್ಕೌಂಟ್ ದರವನ್ನು (ಮುಂದೆ ಕೊಡಬೇಕಾದ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸುವ ದರ) ಆ ವರದಿಯ ದಿನಾಂಕದಂದು ಹೊಸದಾಗಿ ಅಂದಾಜಿಸಬೇಕು. ಕೊಂಡುಕೊಂಡರೆ ಹಿಂದಿರುಗಿಸುವ ಬಾಧ್ಯತೆಯೇ ಇಲ್ಲವಾಗುತ್ತದೆ, ಪ್ರಾವಿಷನ್ ಉಳಿಯಲು ಕಾರಣವಿರುವುದಿಲ್ಲ. ನಿಮ್ಮ ವರದಿಯಲ್ಲಿ ಪ್ರಾವಿಷನ್‌ಗಳ ವರ್ಷದ ಏರಿಳಿತ ತೋರಿಸುವ ಕೋಷ್ಟಕದಲ್ಲಿ ‘ಬಳಸದೆ ಹಿಂತೆಗೆದದ್ದು’ ಎಂಬ ಅರ್ಥದ ಸಾಲೊಂದು ಇರಬೇಕು, ಅದನ್ನು ನೋಡಿ.