ಹಳೆ ಎಕರೆಯನ್ನು ಹೆಕ್ಟೇರಿಗೆ ತರಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಐರ್ಲೆಂಡಿನ ಹಳೆ ಜಮೀನು ದಾಖಲೆಗಳನ್ನು ಓದುತ್ತಿದ್ದೇನೆ. ಅಲ್ಲಿನ ವಿಸ್ತೀರ್ಣವನ್ನೆಲ್ಲ ಹೆಕ್ಟೇರಿನಲ್ಲಿ ಪಟ್ಟಿ ಮಾಡಬೇಕು. ಸರ್ವೇ ಕೆಲಸ, ಹಳೆ ನಕ್ಷೆ ಗೊತ್ತಿರುವವರು ದಯವಿಟ್ಟು ನೋಡಿ.

ದಾಖಲೆಯಲ್ಲಿ ಎಕರೆ, ರೂಡ್, ಪರ್ಚ್ ಅಂತ ಮೂರು ಕಾಲಂ ಇವೆ. ಪರ್ಚ್ ಅನ್ನುವುದು ಉದ್ದದ ಅಳತೆಯೂ ಹೌದು, ಆದರೆ ಈ ಕಾಲಂನಲ್ಲಿ ಅದು ಚದರ ಪರ್ಚ್. 40 ಚದರ ಪರ್ಚಿಗೆ ಒಂದು ರೂಡ್, 4 ರೂಡಿಗೆ ಒಂದು ಎಕರೆ. ಇದು ಸುಲಭ. ತೊಡಕು ಇರುವುದು ಪರ್ಚಿನಲ್ಲೇ. ಇಂಗ್ಲಿಷ್ ಪರ್ಚಿನ ಉದ್ದ ಹದಿನಾರೂವರೆ ಅಡಿ, ಐರಿಷ್ ಪರ್ಚಿನದು 21 ಅಡಿ. ವಿಸ್ತೀರ್ಣಕ್ಕೆ ಈ ಅನುಪಾತದ ವರ್ಗ ತೆಗೆದುಕೊಳ್ಳಬೇಕು, ಹಾಗಾಗಿ ಒಂದು ಐರಿಷ್ ಎಕರೆ ಅಂದರೆ ಸುಮಾರು 1.62 ಇಂಗ್ಲಿಷ್ ಎಕರೆ!

ಒಂದು ಹೊಲದ ಮುಂದೆ 12–3–27 ಅಂತ ಬರೆದಿದೆ. ಒಟ್ಟು 2067 ಚದರ ಪರ್ಚ್. ಇಂಗ್ಲಿಷ್ ಲೆಕ್ಕದಲ್ಲಿ 5.23 ಹೆಕ್ಟೇರ್, ಐರಿಷ್ ಲೆಕ್ಕದಲ್ಲಿ 8.47. ಇಷ್ಟು ಜಾಸ್ತಿ ವ್ಯತ್ಯಾಸ ಇಟ್ಟುಕೊಂಡು ಸುಮ್ನೆ ಒಂದನ್ನು ಆರಿಸುವುದು ಸರಿಯಲ್ಲ, ಅಲ್ವಾ? ಆ ಹೊಲ ಉತ್ತವರ ಗೇಣಿ ನಿಂತಿದ್ದೇ ಈ ಅಂಕಿಯ ಮೇಲೆ.

1824ರ ಬ್ರಿಟಿಷ್ ಕಾಯಿದೆ ಒಂದೇ ಅಳತೆ ತಂದರೂ ಹಳೆಯದರ ಬಳಕೆ ಅಲ್ಲಿಗೇ ನಿಲ್ಲಲಿಲ್ಲ. ಆದ್ದರಿಂದ ಇಸವಿ ನೋಡಿ ತೀರ್ಮಾನಿಸಲು ಆಗುತ್ತಿಲ್ಲ. ಕೆಲವು ಹಾಳೆಗಳ ಜೊತೆ ನಕ್ಷೆ ಇದೆ, ಅಳತೆಪಟ್ಟಿಯ ಕೆಳಗೆ ಬರೀ ‘ಪರ್ಚ್’ ಅಂತ ಇದೆ. ಇಂದಿನ ನಕ್ಷೆಯಲ್ಲಿ ಅದೇ ಬೇಲಿಯ ಉದ್ದ ಅಳೆದು, ಹಳೆಯದಕ್ಕೆ ಹೋಲಿಸಿದರೆ ಯಾವ ಪರ್ಚ್ ಅಂತ ಗೊತ್ತಾಗಬಹುದು ಅನ್ನಿಸುತ್ತದೆ. ಹೀಗೆ ಮಾಡಿದವರು ಇದ್ದೀರಾ? ಎಷ್ಟು ಬೇಲಿಗಳನ್ನು ಹೋಲಿಸಿದರೆ ನಂಬಬಹುದು? ನಕ್ಷೆಯೇ ಇಲ್ಲದ ಹಾಳೆಗಳಿಗೆ ಏನು ಮಾಡುತ್ತೀರಿ? ಯಾವ ಹಾಳೆಗೂ ಬೇಕಾದರೆ ಫೋಟೋ ಹಾಕುತ್ತೇನೆ.