ವಿದೇಶದಲ್ಲಿ ಎಂಎಸ್: ಸ್ಕಾಲರ್‌ಶಿಪ್ ಗ್ಯಾರಂಟಿ ಅಂತ 40,000 ಕೇಳ್ತಿದ್ದಾರೆ, ಕಟ್ಟಲಾ?

ಶೇಂಗಾಹೊಲ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಸಿವಿಲ್ ಬಿಇ ಕೊನೆಯ ವರ್ಷ ಓದುತ್ತಿದ್ದೇನೆ, ಊರು ಚಳ್ಳಕೆರೆ ಕಡೆ. ಅಂತರ್ಜಲದ ವಿಷಯದಲ್ಲಿ ಹೊರದೇಶದಲ್ಲಿ ಓದೋ ಆಸೆ. ಅಪ್ಪನದು ನಾಲ್ಕು ಎಕರೆ ಶೇಂಗಾ, ಅದೂ ಮಳೆ ನಂಬಿಕೊಂಡು, ಹಾಗಾಗಿ ಸಾಲದ ಮಾತೇ ಇಲ್ಲ. ಇಲ್ಲೊಂದು ಏಜೆನ್ಸಿಯವರು 40,000 ಕಟ್ಟಿದರೆ ಸ್ಕಾಲರ್‌ಶಿಪ್ ಗ್ಯಾರಂಟಿ ಅಂತಾರೆ. ಈ ವಾರವೇ ಕಟ್ಟಿದರೆ 5,000 ಕಡಿಮೆಯಂತೆ. ಕಟ್ಟಬಹುದಾ? ಕೆಲಸದ ಅನುಭವ ಇಲ್ಲದವರಿಗೆ ಏನಾದರೂ ಸಿಗುತ್ತಾ?

ಬೆಣ್ಣೆಖಾಲಿ:
ಕಟ್ಟಬೇಡ ತಮ್ಮಾ. ಗ್ಯಾರಂಟಿ ಕೊಡೋಕೆ ಸ್ಕಾಲರ್‌ಶಿಪ್ ಏನು ಮಿಕ್ಸಿನಾ? ನಾನು ಹಿಂದೆ ಒಂದು ಕಡೆ ಹೀಗೇ ದುಡ್ಡು ಸುರಿದು, ಅವರು ಬರೆದುಕೊಟ್ಟ ಮೋಟಿವೇಶನ್ ಲೆಟರ್ (ಈ ಕೋರ್ಸ್ ಯಾಕೆ ಬೇಕು ಅಂತ ಅರ್ಜಿ ಜೊತೆ ಕೊಡೋ ಪತ್ರ) ಓದಿ ನೋಡಿದರೆ ಎರಡನೇ ಪ್ಯಾರಾದಲ್ಲಿ ಇನ್ಯಾವುದೋ ಹುಡುಗನ ಹೆಸರು ಹಾಗೇ ಇತ್ತು.

ನೀನು ಮೊದಲು ಎರಾಸ್ಮಸ್ ಮುಂಡಸ್ ನೋಡು, ಯೂರೋಪಿಯನ್ ಒಕ್ಕೂಟದವರು ಮಾಸ್ಟರ್ಸ್ ಓದೋಕೆ ಕೊಡೋ ಸ್ಕಾಲರ್‌ಶಿಪ್ ಅದು. ಕೊನೆಯ ವರ್ಷದಲ್ಲಿರುವಾಗಲೇ ಅರ್ಜಿ ಹಾಕಬಹುದು. ಆಯ್ಕೆಯಾದರೆ ಫೀಸ್ ಇಲ್ಲ, ತಿಂಗಳಿಗೆ 1,400 ಯೂರೋ ಕೈಗೆ ಬರುತ್ತೆ, ಓದು ಕನಿಷ್ಠ ಎರಡು ದೇಶದಲ್ಲಿ. ನಿನಗೆ ಬೇಕಾದ ಅಂತರ್ಜಲದ ಮೇಲೆಯೇ ಡೆಲ್ಫ್ಟ್, ಲಿಸ್ಬನ್, ಡ್ರೆಸ್ಡೆನ್ ಊರುಗಳ ವಿದ್ಯಾಸಂಸ್ಥೆಗಳು ಸೇರಿ ಮಾಡಿದ ಗ್ರೌಂಡ್‌ವಾಚ್ ಅನ್ನೋ ಕೋರ್ಸ್ ಇದೆ, ಈ ಸಲ ಸ್ಕಾಲರ್‌ಶಿಪ್ ಕೊಡ್ತಿದ್ದಾರಾ ಅಂತ ಎರಾಸ್ಮಸ್ ಪಟ್ಟಿಯಲ್ಲಿ ನೋಡಿಕೋ. ಬಹಳಷ್ಟು ಕೋರ್ಸ್‌ಗಳ ಅರ್ಜಿ ಜನವರಿ ಹೊತ್ತಿಗೆ ಮುಗಿದೇ ಹೋಗುತ್ತೆ. ಬ್ರಿಟನ್ ಸರ್ಕಾರದ ಚೀವನಿಂಗ್‌ಗೆ ಎರಡು ವರ್ಷ, ಅಮೆರಿಕದಲ್ಲಿ ಓದೋಕೆ ಕೊಡೋ ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್‌ಗೆ ಮೂರು ವರ್ಷ ಕೆಲಸ ಮಾಡಿರಬೇಕು. ಅವೆರಡನ್ನೂ ಸದ್ಯಕ್ಕೆ ಬಿಡು.

ಲೆಟರ್ ನೀನೇ ಬರಿ. ಚಿಕ್ಕಂದಿನಿಂದ ಎಂಜಿನಿಯರಿಂಗ್ ಅಂದ್ರೆ ಇಷ್ಟ ಅಂತೆಲ್ಲ ಬೇಡ. ನಿಮ್ಮೂರಲ್ಲಿ ಬೋರ್ ಎಷ್ಟು ಅಡಿಗೆ ಹೋಗಿದೆ, ಎಷ್ಟು ಫೇಲ್ ಆಗಿವೆ, ಪಕ್ಕದ ಹೊಲದಲ್ಲಿ ನೀರು ಬಿದ್ದು ನಿಮ್ಮದರಲ್ಲಿ ಬರೀ ಧೂಳು ಎದ್ದಿದ್ದು ಯಾಕೆ, ಅದನ್ನ ಬರಿ.

ಕೋಟೆಊರಿನವಳು:
ನಾನು ಚಿತ್ರದುರ್ಗದವಳು, ಈಗ ಜರ್ಮನಿಯಲ್ಲಿದ್ದೇನೆ. ಇಲ್ಲಿ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಆದರೆ ಫೀಸ್ ಇಲ್ಲ ಅಂದ ಮಾತ್ರಕ್ಕೆ ಬರಿಗೈಲಿ ಬರೋಕಾಗಲ್ಲ. ಸ್ಕಾಲರ್‌ಶಿಪ್ ಇಲ್ಲದಿದ್ದರೆ ವೀಸಾಗೆ, ತಿಂಗಳಿಗೆ ಇಷ್ಟೇ ಅಂತ ಮಾತ್ರ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟ್‌ನಲ್ಲಿ ಒಂದು ವರ್ಷದ ಖರ್ಚು ಇಟ್ಟು ತೋರಿಸಬೇಕು, 2024ರಲ್ಲಿ ಅದನ್ನು 11,904 ಯೂರೋ ಮಾಡಿದರು. ಏಜೆಂಟರು ಈ ವಿಷಯ ಕೊನೆಗೆ ಹೇಳುತ್ತಾರೆ. ನಮ್ಮ ಮಾರ್ಕ್ಸ್ ಕಾರ್ಡ್, ಡಿಗ್ರಿ ಅಸಲಿ ಅಂತ ಪರಿಶೀಲಿಸಿ ಕೊಡೋ ಎಪಿಎಸ್ ಸರ್ಟಿಫಿಕೇಟ್ ಕೂಡ ಬೇಕು.

ಇನ್ನೊಂದು, ನಿಮ್ಮ ಹೆಸರು ನೋಡಿಕೊಳ್ಳಿ. ನನ್ನ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಕೊನೆಗೆ ಬರೀ 'ಟಿ' ಇತ್ತು. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಇಬ್ಬರೂ ಒಬ್ಬಳೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಎಲ್ಲ ಕಡೆ ಅದನ್ನೇ ಲಗತ್ತಿಸಿ ಸಾಕಾಯಿತು.

ಹಳೇಫೈಲು:
ಎಸ್‌ಸಿ, ಎಸ್‌ಟಿ ಆಗಿದ್ದರೆ ಹೊರದೇಶದಲ್ಲಿ ಓದೋಕೆ ರಾಜ್ಯ ಸರ್ಕಾರ ನೆರವು ಕೊಡೋ ಪ್ರಬುದ್ಧ ಯೋಜನೆ ವಿಚಾರಿಸಿ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಎಸ್‌ಸಿ, ಅಲೆಮಾರಿ ಸಮುದಾಯಗಳು, ಭೂಮಿ ಇಲ್ಲದ ಕೃಷಿ ಕೂಲಿಕಾರರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮನೆಯವರಿಗೂ ಇದೆ. ಮನೆ ಆದಾಯ ವರ್ಷಕ್ಕೆ 8 ಲಕ್ಷದೊಳಗಿರಬೇಕು, 60 ಪರ್ಸೆಂಟ್ ಅಂಕ ಬೇಕು. ನಾಲ್ಕು ಎಕರೆ ಇರೋದರಿಂದ ಕೂಲಿಕಾರರ ಲೆಕ್ಕಕ್ಕೆ ನೀವು ಬರಲ್ಲ. ಟಾಟಾ ಅವರ ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ಇದೆ, ಹೆಸರಲ್ಲಿ ಸ್ಕಾಲರ್‌ಶಿಪ್ ಅಂತ ಇದ್ದರೂ ಅದು ಸಾಲ, ವಾಪಸ್ ಕಟ್ಟಬೇಕು.

ಶೇಂಗಾಹೊಲ:
ತುಂಬಾ ಥ್ಯಾಂಕ್ಸ್. ಏಜೆನ್ಸಿಯವರ ಫೋನ್ ಎತ್ತುತ್ತಿಲ್ಲ ಈಗ. ನನ್ನದೂ ಪಿಯುಸಿ ಕಾರ್ಡ್‌ನಲ್ಲಿ ಇನಿಷಿಯಲ್ ಮುಂದೆ, ಬಿಇನಲ್ಲಿ ಹಿಂದೆ! ರೆಕಮೆಂಡೇಶನ್ ಲೆಟರ್ ಕೇಳಿದರೆ ಸರ್ 'ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ' ಅಂದರು. ಏನು ಮಾಡೋದು?

ಬೆಣ್ಣೆಖಾಲಿ:
ಎಲ್ಲ ಕಡೆ ಅದೇ ಕಥೆ. ಪ್ರಾಜೆಕ್ಟ್‌ನಲ್ಲಿ ನೀನು ಮಾಡಿದ್ದನ್ನ ಅರ್ಧ ಪುಟದಲ್ಲಿ ಬರೆದು ಸರ್‌ಗೆ ಕೊಡು, ಪಕ್ಕದಲ್ಲೇ ಕೂತು ಅವರ ಮಾತಲ್ಲೇ ಟೈಪ್ ಮಾಡಿಸು. ಕೆಲವು ಕೋರ್ಸ್‌ನವರು ಲೆಟರ್ ಹಾಕೋ ಲಿಂಕ್ ಕಳಿಸೋದು ನೇರ ಸರ್ ಅವರ ಕಾಲೇಜ್ ಮೇಲ್‌ಗೆ. ಆ ಮೇಲ್‌ನ ಪಾಸ್‌ವರ್ಡ್ ಅವರಿಗೆ ನೆನಪಿದೆಯಾ ಅಂತ ಈಗಲೇ ಕೇಳಿಬಿಡು.