ಸಹಾಯ ಬೇಕು: ರಿಪೋರ್ಟ್ ಓಡುವಾಗ ಬಿಲ್ಲಿಂಗ್ ತುಂಬಾ ನಿಧಾನ

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಒಂದು ಅಡಿಕೆ ಅಂಗಡಿಯ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಬಿಲ್ಲಿಂಗ್, ಲೆಕ್ಕದ ರಿಪೋರ್ಟ್, ಬ್ಯಾಕಪ್ ಎಲ್ಲವೂ ಒಂದೇ ಲಿನಕ್ಸ್ ಸರ್ವರ್‌ನಲ್ಲಿವೆ. ರ್‍ಯಾಮ್ 16 ಜಿಬಿ, ಡಿಸ್ಕ್ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ), ಡೇಟಾಬೇಸ್ ಪೋಸ್ಟ್‌ಗ್ರೆಸ್.

ರಿಪೋರ್ಟ್ ಶುರುವಾದರೆ ಸಾಕು, ಬಿಲ್ಲಿಂಗ್ ತೆವಳುತ್ತದೆ. ಪಟೋರ, ಕರಿಗೋಟು ಎಂದು ಅಡಿಕೆಯ ದರ್ಜೆಗಳನ್ನು ಬೇರೆ ಬೇರೆ ತೂಗಿ ಆಗಿರುತ್ತದೆ. ಎಂಟರ್ ಒತ್ತಿದರೆ ಸ್ಕ್ರೀನ್ ಹಾಗೇ ನಿಲ್ಲುತ್ತದೆ, ಚೀಟಿ ಬರುವುದೇ ಇಲ್ಲ. ಬಸ್ಸಿಗೆ ಹೊತ್ತಾಯಿತು ಎನ್ನುವ ಕೃಷಿಕರನ್ನು ಸುಮ್ನೆ ಕಾಯಿಸುವುದು ಸರಿಯಲ್ಲ, ಅಲ್ವಾ?

ಸರ್ವರ್‌ನ ಭಾರ ತೋರಿಸುವ ‘ಟಾಪ್’ ಕಮಾಂಡಿನಲ್ಲಿ ನೋಡಿದರೆ ಸಿಪಿಯು ಆರಾಮಾಗಿದೆ. ಡಿಸ್ಕಿಗೆ ಕಾಯುವ ಸಮಯವೇ ಜಾಸ್ತಿ, ಸ್ವಾಪ್ (ರ್‍ಯಾಮ್ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಕೂಡ ಏರುತ್ತದೆ. ರಿಪೋರ್ಟ್ ಪ್ರೋಗ್ರಾಮಿಗೆ ನೈಸ್ 19, ಅಂದರೆ ಅತಿ ಕಡಿಮೆ ಆದ್ಯತೆ, ಕೊಟ್ಟು ನೋಡಿದೆ, ವ್ಯತ್ಯಾಸವಿಲ್ಲ. ನೈಸ್ ಹಂಚುವುದು ಸಿಪಿಯುವನ್ನು ಮಾತ್ರ. ಅದೂ ಅಲ್ಲದೆ, ಭಾರದ ಕ್ವೆರಿ ಓಡುವುದು ಪೋಸ್ಟ್‌ಗ್ರೆಸ್ ಒಳಗೆ, ಹಾಗಾಗಿ ಅದಕ್ಕೆ ಈ ನೈಸ್ ತಾಗುವುದೇ ಇಲ್ಲ. ಬ್ಯಾಕಪ್‌ಗೆ ಐಒನೈಸ್ (ಡಿಸ್ಕ್ ಬಳಕೆಯ ಆದ್ಯತೆ) ಇದೆ, ಆದರೆ ಡಿಸ್ಕಿನ ಶೆಡ್ಯೂಲರ್ (ಓದು-ಬರಹದ ಸರದಿ ನಿರ್ಧರಿಸುವ ಭಾಗ) ‘ನನ್’, ಅಂದರೆ ಯಾವುದೂ ಇಲ್ಲ ಎಂದು, ಆಗಿರುವಾಗ ಅದು ಲೆಕ್ಕಕ್ಕೆ ಬರುವುದಿಲ್ಲ.

ಈಗಿನ ಯೋಚನೆ ಹೀಗಿದೆ. ರಿಪೋರ್ಟಿಗೆ ಬೇರೆ ಡೇಟಾಬೇಸ್ ಯೂಸರ್ ಮಾಡಿ, ಅವನಿಗೆ ವರ್ಕ್‌ಮೆಮ್ (ಸಾರ್ಟಿಂಗ್‌ನಂಥ ಕೆಲಸಕ್ಕೆ ಸಿಗುವ ಮೆಮೊರಿ) ಕಡಿಮೆ ಇಡುವುದು. ಆದರೆ ಅದು ತೀರಾ ಕಡಿಮೆಯಾದರೆ ಸಾರ್ಟಿಂಗ್ ಡಿಸ್ಕಿಗೆ ಇಳಿಯುತ್ತದೆ, ಡಿಸ್ಕಿನ ಮೇಲೆ ಮತ್ತೂ ಭಾರ. ಇಲ್ಲವೇ ರಿಪೋರ್ಟಿಗೆಂದು ರೆಪ್ಲಿಕಾ (ಡೇಟಾಬೇಸಿನ ಪ್ರತಿ) ಮಾಡಿ, ಲಿನಕ್ಸ್ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿ ಅದಕ್ಕೆ ಮೆಮೊರಿಹೈ (ದಾಟಿದರೆ ನಿಧಾನ ಮಾಡುವ ಮಿತಿ) 4 ಜಿಬಿ ಇಡುವುದು. ಮೆಮೊರಿಮ್ಯಾಕ್ಸ್‌ಗೆ ಧೈರ್ಯವಿಲ್ಲ, ಮಿತಿ ದಾಟಿದರೆ ಪ್ರೋಸೆಸನ್ನೇ ಕೊಲ್ಲುತ್ತದೆ.

ಒಂದೇ ಡಿಸ್ಕಿನಲ್ಲಿ ರೆಪ್ಲಿಕಾ ಇಟ್ಟು ಪ್ರಯೋಜನವಾದವರು ಇದ್ದೀರಾ? ಶೆಡ್ಯೂಲರನ್ನು ಐಒನೈಸ್ ಆದ್ಯತೆ ನೋಡುವ ಬಿಎಫ್‌ಕ್ಯುಗೆ ಬದಲಿಸಿದರೆ ಬಿಲ್ಲಿಂಗಿಗೇ ಹೊಡೆತ ಬೀಳುತ್ತದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ. ಬೇಕಾದ ಲಾಗ್ ಇಲ್ಲೇ ಹಾಕುತ್ತೇನೆ.